ಪೆಟ್ರೋಲ್ ಏರಿದರೆ ಎನರ್ಜಿ ಇಂಡೆಕ್ಸೂ ಏರಬೇಕಲ್ರೀ?

"ಸರ್, ಕಚ್ಚಾ ಎಣ್ಣೆ ದರ ಏರಾಕತ್ತದ. ನಿಫ್ಟಿ ಎನರ್ಜಿನೂ ಏರಬೇಕಲ್ರೀ? ಈಗಲೇ ರೊಕ್ಕ ಹಾಕಲೇನು?"

ಒಮ್ಮೆ ಹುಮನಾಬಾದ್, ಒಮ್ಮೆ ಸೇಡಂ, ಈ ಸಲ ಶಹಾಪುರ. ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ.

ಮೊದಲು ಲೆಕ್ಕ ಮುಗಿಸೋಣ. ನಿಫ್ಟಿ ಎನರ್ಜಿ ಎಂಬ ಷೇರು ಪೇಟೆ ಇಂಡೆಕ್ಸ್ (ಸೂಚ್ಯಂಕ) ಎಣ್ಣೆಯ ದರ ತೋರಿಸುವುದಿಲ್ಲ. ಎಣ್ಣೆ, ಗ್ಯಾಸ್, ಕಲ್ಲಿದ್ದಲು, ಕರೆಂಟ್ ವ್ಯವಹಾರದ ಕಂಪನಿಗಳ ಷೇರು ಬೆಲೆ ಒಟ್ಟಾಗಿ ಎತ್ತ ಹೊರಟಿದೆ ಎಂದು ತೋರಿಸುತ್ತದೆ. 2001ರ ಜನವರಿ 1ರ ಮಟ್ಟವನ್ನು 1000 ಎಂದು ಹಿಡಿದಿದ್ದಾರೆ. ಪಾಯಿಂಟ್ ಅಂದರೆ ರೂಪಾಯಿ ಅಲ್ಲ. ದೊಡ್ಡ ಕಂಪನಿಗೆ ತೂಕ ಜಾಸ್ತಿ, ಆದರೆ ಮಾರುಕಟ್ಟೆಯಲ್ಲಿ ಕೈಬದಲಾಗುವ ಷೇರುಗಳಷ್ಟೇ ಎಣಿಕೆಗೆ. ಕೋಲ್ ಇಂಡಿಯಾದ ಸುಮಾರು ಶೇ 63 ಪಾಲು ಸರ್ಕಾರದ ಕೈಯಲ್ಲಿದೆ, ಅದು ಲೆಕ್ಕಕ್ಕಿಲ್ಲ. ಶೇ 10 ತೂಕದ ಷೇರು ಶೇ 5 ಏರಿ, ಉಳಿದವು ಇದ್ದಲ್ಲೇ ಇದ್ದರೆ ಇಂಡೆಕ್ಸ್ ಏರುವುದು ಅರ್ಧ ಪರ್ಸೆಂಟ್. ವರ್ಷಕ್ಕೆ ಎರಡು ಸಲ ಪಟ್ಟಿ ಪರಿಶೀಲನೆ. ಇಷ್ಟೇ.

ಈಗ ಎಣ್ಣೆ ಏರಿದರೆ ಇಂಡೆಕ್ಸೂ ಏರುತ್ತದೆ ಎಂಬ ಆ ಹಟಮಾರಿ ನಂಬಿಕೆಗೆ ಬರೋಣ.

ತೊಗರಿ ದರ ಏರಿದರೆ ಕಲಬುರಗಿಯಲ್ಲಿ ಎಲ್ಲರಿಗೂ ಲಾಭವೇ? ಬೆಳೆದವನಿಗೆ ಹೌದು. ತೊಗರಿ ಕೊಂಡು ಬೇಳೆ ಮಾಡುವ ದಾಲ್ ಮಿಲ್ಲಿನವನನ್ನು ಕೇಳಿ ನೋಡಿ. ಬೇಳೆ ದರ ಏರಿಸಬೇಡ ಎಂದು ಅವನ ಕೈ ಕಟ್ಟಿದರಂತೂ ಕಥೆ ಮುಗಿಯಿತು.

2022ರಲ್ಲಿ ಆಗಿದ್ದೂ ಅದೇ. ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ದಾಟಿತ್ತು. ಬಂಕಿನ ದರವನ್ನು ಏಪ್ರಿಲ್ ಮೊದಲ ವಾರದ ನಂತರ, ಕಚ್ಚಾ ತೈಲ ಕೊಂಡು ಪೆಟ್ರೋಲ್, ಡೀಸೆಲ್ ಮಾಡಿ ಮಾರುವ ಕಂಪನಿಗಳು ಏರಿಸಲಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಸೇರಿ 18 ಸಾವಿರ ಕೋಟಿ ರೂಪಾಯಿಗೂ ಮೀರಿ ಕಳೆದುಕೊಂಡವು.

"ಹಂಗಾದ್ರ ಎಣ್ಣೆ ತೆಗೆಯೋ ಒಎನ್‌ಜಿಸಿಗೆ ಲಾಭ ಅಲ್ವಾ?" ಇದೂ ಬರುತ್ತದೆಂದು ಗೊತ್ತಿತ್ತು. ಲಾಭವೇ, ಸರ್ಕಾರ ಬಿಟ್ಟರೆ. ಅದೇ ವರ್ಷ ಜುಲೈ 1ರಂದು ದೇಶದಲ್ಲಿ ತೆಗೆಯುವ ಕಚ್ಚಾ ತೈಲಕ್ಕೆ ಟನ್ನಿಗೆ 23,250 ರೂಪಾಯಿ ಹೆಚ್ಚುವರಿ ತೆರಿಗೆ ಬಿತ್ತು. ಒಎನ್‌ಜಿಸಿ ಷೇರು ಒಂದೇ ದಿನ ಶೇ 13ರಷ್ಟು ಬಿತ್ತು. ಎಣ್ಣೆ ದುಬಾರಿಯೇ ಇತ್ತು, ನೆನಪಿರಲಿ.

ಇನ್ನು ಕರೆಂಟ್ ಸಾಗಿಸುವ ಪವರ್ ಗ್ರಿಡ್. ಅದು ಎಳೆಯುವುದು ತಂತಿ, ಎಣ್ಣೆಯಲ್ಲ. ಅದರ ಗಳಿಕೆಯ ಬಹುಪಾಲು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಿಯಮದ ಮೇಲೆ ನಿಂತಿದೆ. ಕರೆಂಟ್ ತಯಾರಿಸುವ ಎನ್‌ಟಿಪಿಸಿ ಮುಖ್ಯವಾಗಿ ಸುಡುವುದು ಕಲ್ಲಿದ್ದಲು. ಇವೆಲ್ಲ ಒಂದೇ ಇಂಡೆಕ್ಸಿನಲ್ಲಿವೆ. ಬ್ಯಾರೆಲ್ ದರ ಒಂದನ್ನೇ ನೋಡಿ ರೊಕ್ಕ ಹಾಕುವವರಿಗೆ ಇನ್ನೇನು ಹೇಳಲಿ!

ಯಾರೂ ಕೇಳದ ಮಾತೊಂದು ಉಳಿಯಿತು: ತಿಂಗಳು ತಿಂಗಳು ಕರೆಂಟ್ ಬಿಲ್ ಕಳಿಸುವ ನಮ್ಮ ಜೆಸ್ಕಾಂ ಈ ಪಟ್ಟಿಯಲ್ಲಿದೆಯೇ? ಇಲ್ಲ. ಕಲಬುರಗಿಯಲ್ಲೇ ಮುಖ್ಯ ಕಚೇರಿ ಇದ್ದರೂ ಅದು ರಾಜ್ಯ ಸರ್ಕಾರದ ಕಂಪನಿ, ಷೇರು ಪೇಟೆಗೆ ಬಂದೇ ಇಲ್ಲ. ರಾಯಚೂರಿನ ಥರ್ಮಲ್ ಸ್ಥಾವರ ನಡೆಸುವ ಕೆಪಿಸಿಯೂ ಹಾಗೆಯೇ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ 2,400 ಮೆಗಾವ್ಯಾಟ್ ಸ್ಥಾವರ ಮಾತ್ರ ಎನ್‌ಟಿಪಿಸಿಯದು. ಇಂಡೆಕ್ಸಿನಲ್ಲಿ ನಮ್ಮ ಸೀಮೆಗೆ ಹತ್ತಿರದ ನಂಟು ಹುಡುಕುವವರು ಅಲ್ಲಿ ಹುಡುಕಬಹುದು.