ಕರಿ ನಾಯಿ, ಹಸಿರು ಬೆಳಕು: ದತ್ತು ಫೋಟೋಗಳ ಎಡಿಟಿಂಗ್ ಕುರಿತು ಅಧ್ಯಯನ ಟಿಪ್ಪಣಿ

ರಸ್ತೆ ಬದಿಯಿಂದಲೋ ತೋಟದ ಗೇಟಿನ ಬಳಿಯಿಂದಲೋ ರಕ್ಷಿಸಿ ತಂದ ನಾಯಿಗೆ ಮನೆ ಹುಡುಕುವ ಕೆಲಸ ಈಗ ಬಹುಪಾಲು ಮೊಬೈಲಿನಲ್ಲೇ ನಡೆಯುತ್ತದೆ. ಗೋಣಿಕೊಪ್ಪದಲ್ಲಿರುವ ನಾಯಿಯನ್ನು ಸೋಮವಾರಪೇಟೆಯ ಮನೆಯವರು ಮೊದಲು ನೋಡುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಒಂದು ಫೋಟೋದಲ್ಲಿ, ಅದೂ ಬೆರಳು ಮುಂದಿನ ಸಂದೇಶಕ್ಕೆ ಸರಿಯುವ ಮುನ್ನ ಸಿಗುವ ಒಂದೆರಡು ಕ್ಷಣಗಳಲ್ಲಿ. ಆ ಫೋಟೋವನ್ನು ಸರಿಪಡಿಸಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಕ್ರಾಪ್ ಮಾಡುವುದು, ವಾಲಿದ ಚಿತ್ರವನ್ನು ನೇರಗೊಳಿಸುವುದು ಮುಂತಾದವು ಎಲ್ಲರಿಗೂ ಬರುವುದರಿಂದ ಅವುಗಳನ್ನು ಬಿಟ್ಟಿದ್ದೇನೆ. ಹೆಚ್ಚಿನ ಜಾಗವನ್ನು ಕಪ್ಪು ಮೈಬಣ್ಣದ ನಾಯಿಗಳಿಗೆ ಕೊಟ್ಟಿದ್ದೇನೆ, ಏಕೆಂದರೆ ಕೊಡಗಿನ ಬೆಳಕಿನಲ್ಲಿ ಅತಿ ಕಷ್ಟವಾಗುವುದು ಅವುಗಳ ಚಿತ್ರವೇ.

2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಆನ್‌ಲೈನ್‌ನಲ್ಲಿ ದತ್ತಿಗೆ ಇಟ್ಟಿದ್ದ ಕಪ್ಪು ಲ್ಯಾಬ್ರಡಾರ್ ಮಿಶ್ರತಳಿಯ ನಾಯಿಗಳ ಫೋಟೋಗಳನ್ನು ಪರಿಶೀಲಿಸಿತ್ತು. ನಾಯಿ ಕ್ಯಾಮೆರಾವನ್ನು ನೇರವಾಗಿ ನೋಡುತ್ತಿರುವ, ನಿಂತಿರುವ, ಹೊರಾಂಗಣದಲ್ಲಿ ತೆಗೆದ ಫೋಟೋಗಳಿದ್ದಾಗ ದತ್ತು ಬೇಗನೆ ಆಗುತ್ತಿತ್ತು, ಮಸುಕಾದ ಫೋಟೋಗಳಿದ್ದಾಗ ತಡವಾಗುತ್ತಿತ್ತು ಎಂಬುದು ಅದರ ಸಾರ. ಇವುಗಳಲ್ಲಿ ಹೆಚ್ಚಿನವು ಫೋಟೋ ತೆಗೆಯುವಾಗಲೇ ನಿರ್ಧಾರವಾಗುವ ಸಂಗತಿಗಳು. ಎಡಿಟಿಂಗ್‌ನ ಪಾಲಿಗೆ ಉಳಿಯುವುದು ನಾಯಿಯ ಕಣ್ಣು ಮತ್ತು ಮುಖ ಸ್ಪಷ್ಟವಾಗಿ ಕಾಣುವಂತೆ ಮಾಡುವುದು. ಹಾಗೆ ಮಾಡುವಾಗ, ಫೋಟೋ ನೋಡಿ ಬಂದವರ ಎದುರು ನಿಲ್ಲುವ ನಾಯಿ ಫೋಟೋದಲ್ಲಿದ್ದ ನಾಯಿಯೇ ಆಗಿರಬೇಕು ಎಂಬ ನಿಯಮವನ್ನು ಎಲ್ಲಿಯೂ ಮುರಿಯಬಾರದು.

ಕರಿ ನಾಯಿ ಬೂದಿ ಬಣ್ಣಕ್ಕೆ ತಿರುಗುವುದು ಏಕೆ

ಕ್ಯಾಮೆರಾದ ಬೆಳಕಿನ ಮೀಟರ್‌ಗೆ ತನ್ನ ಮುಂದಿರುವುದು ನಾಯಿಯೋ ಮಂಜೋ ಎಂಬುದು ಮೂಲತಃ ತಿಳಿಯದು. ಚೌಕಟ್ಟಿನಲ್ಲಿರುವುದೆಲ್ಲ ಸರಾಸರಿಯಾಗಿ ಮಧ್ಯಮ ಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನ ಸುಮಾರು 18%ರಷ್ಟನ್ನು ಹಿಂದಿರುಗಿಸುವಂಥದ್ದು ಎಂದು ಅದು ಲೆಕ್ಕ ಹಾಕುತ್ತದೆ. ಕರಿ ನಾಯಿಯ ಮುಖವೇ ಚೌಕಟ್ಟನ್ನು ತುಂಬಿದ್ದರೆ, ಆ ಕಪ್ಪನ್ನೇ ಮಧ್ಯಮ ಬೂದಿಗೆ ಏರಿಸಲು ಕ್ಯಾಮೆರಾ ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅದೇ ನಾಯಿ ಮಳೆಗಾಲದ ಮಂಜಿನ ಬಿಳಿ ಹಿನ್ನೆಲೆಯಲ್ಲಿ ಚಿಕ್ಕದಾಗಿ ನಿಂತಿದ್ದರೆ, ಮಂಜನ್ನು ಬೂದಿಗೆ ಇಳಿಸುವ ಸಲುವಾಗಿ ಬೆಳಕನ್ನು ಕಡಿಮೆ ಮಾಡುತ್ತದೆ, ಆಗ ನಾಯಿ ಕಣ್ಣು ಮೂಗು ಯಾವುದೂ ಕಾಣದ ಬರಿಯ ನೆರಳಾಗಿಬಿಡುತ್ತದೆ. ಒಂದೇ ಕಾರಣದಿಂದ ಹುಟ್ಟುವ ಈ ಎರಡು ದೋಷಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ, ಕರಿ ನಾಯಿಯ ಫೋಟೋ ಎಂದರೆ ಹೊಳಪು ಹೆಚ್ಚಿಸಬೇಕು ಎಂಬ ಸಿದ್ಧ ಸೂತ್ರ ಅರ್ಧದಷ್ಟು ಚಿತ್ರಗಳಿಗೆ ಹೊಂದುವುದೇ ಇಲ್ಲ.

ಎಡಿಟಿಂಗ್‌ನಲ್ಲಿ ಮೂರು ಸ್ಲೈಡರ್‌ಗಳ (ಎಳೆದು ಹೆಚ್ಚುಕಡಿಮೆ ಮಾಡುವ ಗೆರೆಗಳ) ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳಬೇಕು. ಎಕ್ಸ್‌ಪೋಶರ್ ಇಡೀ ಚಿತ್ರವನ್ನು ಮೇಲಕ್ಕೆತ್ತುತ್ತದೆ, ಆದ್ದರಿಂದ ಹಿಂದಿನ ಮಂಜು ಪೂರ್ತಿ ಬಿಳಿಯಾಗಿ ನಾಯಿ ಬೂದಿಯಾಗುತ್ತದೆ. ಶ್ಯಾಡೋಸ್ ಕತ್ತಲ ಭಾಗಗಳನ್ನು ಮಾತ್ರ ಎತ್ತುತ್ತದೆ, ಕರಿ ಕೂದಲಿನ ಎಳೆಗಳು ಅಡಗಿರುವುದು ಅಲ್ಲಿಯೇ. ಬ್ಲ್ಯಾಕ್ಸ್ ಎಂಬುದು ಕತ್ತಲಿನ ಕೊನೆಯ ತುದಿ ಎಲ್ಲಿರಬೇಕೆಂಬುದನ್ನು ನಿರ್ಧರಿಸುತ್ತದೆ. ಶ್ಯಾಡೋಸ್ ಅನ್ನು ಎತ್ತಿ ಬ್ಲ್ಯಾಕ್ಸ್ ಅನ್ನು ಮುಟ್ಟದೆ ಬಿಟ್ಟರೆ ಕೂದಲು ಕಾಣುತ್ತದೆ, ಆದರೆ ನಾಯಿ ಬಣ್ಣಗೆಟ್ಟಂತೆ ತೋರುತ್ತದೆ. ಎತ್ತಿದ ಬಳಿಕ ಬ್ಲ್ಯಾಕ್ಸ್ ಅನ್ನು ಸ್ವಲ್ಪ ಕೆಳಕ್ಕೆ ತಂದಾಗ ಕಪ್ಪು ಮರಳಿ ಕಪ್ಪಾಗುತ್ತದೆ, ಎಳೆಗಳೂ ಉಳಿಯುತ್ತವೆ.

ಎಷ್ಟು ಇಳಿಸಬೇಕು ಎಂಬುದಕ್ಕೆ ನಾನು ಅತಿಯಾಗಿ ನೆಚ್ಚಿಕೊಂಡಿರುವ ಅಳತೆ ಮೂಗಿನ ಹೊಳ್ಳೆ. ಯಾವ ನಾಯಿಯ ಮುಖದಲ್ಲಾದರೂ ಹೊಳ್ಳೆಯ ಒಳಭಾಗಕ್ಕಿಂತ ಕಪ್ಪಾದದ್ದು ಸಾಮಾನ್ಯವಾಗಿ ಬೇರೊಂದಿರುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ಹೊಳ್ಳೆಯನ್ನು ನೋಡಬೇಕು. ಅದು ಬೂದಿಯಾಗಿದ್ದರೆ ಬ್ಲ್ಯಾಕ್ಸ್ ಇನ್ನೂ ಇಳಿಯಬೇಕು. ಹೊಳ್ಳೆಯ ಜೊತೆಗೆ ಮೂಗಿನ ಮೇಲ್ಮೈಯ ಸಣ್ಣ ಉಬ್ಬುತಗ್ಗುಗಳು ಮತ್ತು ಕಣ್ಣಿನ ಸುತ್ತಲಿನ ಅಂಚು ಕೂಡ ಕರಗಿ ಒಂದಾಗಿದ್ದರೆ ಅತಿಯಾಗಿ ಇಳಿದಿದೆ ಎಂದರ್ಥ. ಹೊಳ್ಳೆ ಪೂರ್ಣ ಕಪ್ಪು, ಮೂಗಿನ ತೊಗಲು ಅದಕ್ಕಿಂತ ಒಂದು ಹಂತ ತಿಳಿ, ಕೆನ್ನೆಯ ಕೂದಲು ಇನ್ನೊಂದು ಹಂತ ತಿಳಿ: ಈ ಮೂರು ಮೆಟ್ಟಿಲುಗಳು ಬೇರೆಬೇರೆಯಾಗಿ ಕಂಡರೆ ಕೆಲಸ ಮುಗಿದಂತೆ. ಹಿಸ್ಟೋಗ್ರಾಂ (ಚಿತ್ರದಲ್ಲಿ ಕತ್ತಲು ಬೆಳಕುಗಳು ಎಷ್ಟೆಷ್ಟಿವೆ ಎಂದು ತೋರಿಸುವ ನಕ್ಷೆ) ಓದಲು ಬರುವವರಿಗೂ ಇದು ಉಪಯುಕ್ತ, ಏಕೆಂದರೆ ಎಡತುದಿಯಲ್ಲಿ ಗುಂಪಾಗಿರುವ ಕಪ್ಪು ನಾಯಿಯದೋ ಹಿಂದಿನ ಕಾಫಿ ಗಿಡಗಳ ಬುಡದ್ದೋ ಎಂಬುದನ್ನು ಹಿಸ್ಟೋಗ್ರಾಂ ಹೇಳುವುದಿಲ್ಲ.

ಎತ್ತುವುದಕ್ಕೂ ಒಂದು ಮಿತಿಯಿದೆ. ಸಾಧಾರಣ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿರುತ್ತವೆ, 12 ಬಿಟ್‌ನ ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸುವ ಕಡತ) 4096, 14 ಬಿಟ್‌ನದರಲ್ಲಿ 16384. ಸಾಲದೆಂಬಂತೆ ಫೋನು ಜೆಪೆಗ್ ತಯಾರಿಸುವಾಗಲೇ ಕತ್ತಲ ಭಾಗದಲ್ಲಿ ಮೂಡುವ ಮರಳಿನಂಥ ಚುಕ್ಕೆಗಳನ್ನು ಅಳಿಸಲು ಹೋಗಿ ಕೂದಲನ್ನೂ ನುಣ್ಣಗೆ ಸವರಿಬಿಟ್ಟಿರುತ್ತದೆ. ಅಂಥ ಚಿತ್ರದಲ್ಲಿ ಶ್ಯಾಡೋಸ್ ಎತ್ತಿದರೆ ಕೂದಲಿನ ಬದಲು ಮೇಣದಂಥ ಮಚ್ಚೆಗಳು ಮೇಲೆದ್ದು ಬರುತ್ತವೆ. ಫೋನಿನಲ್ಲಿ ರಾ ಸೌಲಭ್ಯವಿದ್ದರೆ ಕರಿ ನಾಯಿಗಳಿಗಾದರೂ ಅದನ್ನು ಬಳಸಬೇಕು. ಇಲ್ಲದಿದ್ದರೆ ಪರದೆಯಲ್ಲಿ ನಾಯಿಯ ಮುಖವನ್ನು ಒತ್ತಿ, ಅಲ್ಲಿಗೇ ಬೆಳಕನ್ನು ಹೊಂದಿಸಿ ಫೋಟೋ ತೆಗೆಯಬೇಕು.

ತೋಟದ ಹಸಿರು

ಈ ಹಂತವನ್ನು ಅರ್ಥ ಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಒಂದೇ ತೋಟದಲ್ಲಿ, ಒಂದೇ ಮರದಡಿ ತೆಗೆದ ಎರಡು ಫೋಟೋಗಳಲ್ಲಿ ಕಂದು ನಾಯಿ ಸಹಜವಾಗಿ ಕಾಣುತ್ತದೆ, ಕರಿ ನಾಯಿಯ ಬೆನ್ನು ಮಾತ್ರ ಪಾಚಿ ಹಿಡಿದಂತೆ ಹಸಿರಾಗಿರುತ್ತದೆ. ಬೆಳಕು ಒಂದೇ ಆಗಿರುವಾಗ ಹೀಗಾಗುವುದೇಕೆ?

ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಎಲೆಗಳನ್ನು ದಾಟಿ ಕೆಳಗಿಳಿಯುವ ಬೆಳಕಿನಲ್ಲಿ ಕೆಂಪು ಮತ್ತು ನೀಲಿಯ ಬಹುಭಾಗವನ್ನು ಎಲೆಯ ಹರಿತ್ತು ಹೀರಿಕೊಂಡಿರುತ್ತದೆ. ಸುತ್ತಲಿನ ಕಾಫಿ ಗಿಡಗಳಿಂದ ಪ್ರತಿಫಲಿಸಿ ಬರುವುದೂ ಹಸಿರೇ. ಕಂದು ನಾಯಿಯ ಕೂದಲಿನಲ್ಲಿ ಆ ಬೆಳಕು ಒಳಹೊಕ್ಕು, ಕೂದಲಿನ ಸ್ವಂತ ಬಣ್ಣವನ್ನು ಪಡೆದು ಹೊರಬರುವುದರಿಂದ ನಮ್ಮ ಕಣ್ಣಿಗೆ ಮುಖ್ಯವಾಗಿ ಕಂದು ಕಾಣುತ್ತದೆ, ಹಸಿರು ಅದರಲ್ಲಿ ಮುಚ್ಚಿಹೋಗುತ್ತದೆ. ಕರಿ ಕೂದಲಾದರೋ ಒಳಹೊಕ್ಕ ಬೆಳಕನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹಾಗಾದರೆ ಕರಿ ನಾಯಿಯ ಬೆನ್ನಿನ ಮೇಲೆ ನಮಗೆ ಕಾಣುವ ಬೆಳಕು ಯಾವುದು? ಅದು ಕೂದಲಿನ ಹೊರಮೈಯಿಂದಲೇ ಚಿಮ್ಮಿದ ಹೊಳಪು. ಒರೆಸಿದ ಕಡಪ ಕಲ್ಲಿನ ನೆಲದಲ್ಲಿ ಕಿಟಕಿಯ ಬಿಳುಪು ಕಾಣುವ ಹಾಗೆ, ಆ ಹೊಳಪಿನಲ್ಲಿ ಇರುವುದು ನಾಯಿಯ ಬಣ್ಣವಲ್ಲ, ಸುತ್ತಲಿನ ಬಣ್ಣ. ಆದ್ದರಿಂದ ಶ್ಯಾಡೋಸ್ ಎತ್ತಿದಷ್ಟೂ ನಾವು ಎತ್ತುತ್ತಿರುವುದು ತೋಟದ ಹಸಿರನ್ನೇ. ಇದು ತಿಳಿದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಕೆಲಸದ ಕ್ರಮ. ಬಣ್ಣದ ತಿದ್ದುಪಡಿ ಶ್ಯಾಡೋಸ್‌ಗಿಂತ ಮುಂಚೆ ಆಗಬೇಕು. ನಂತರಕ್ಕೆ ಉಳಿಸಿಕೊಂಡರೆ ಅಷ್ಟರಲ್ಲಿ ನಮ್ಮ ಕಣ್ಣು ಆ ಹಸಿರಿಗೆ ಒಗ್ಗಿಹೋಗಿ, ಯಾವುದು ಸಹಜ ಎಂಬ ಅಂದಾಜೇ ತಪ್ಪುತ್ತದೆ. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಎರಡು ಸ್ಲೈಡರ್‌ಗಳಿರುತ್ತವೆ: ಟೆಂಪರೇಚರ್ ನೀಲಿ ಹಳದಿಗಳ ನಡುವೆ ಸರಿಯುತ್ತದೆ, ಟಿಂಟ್ ಹಸಿರು ಮತ್ತು ಮೆಜೆಂಟಾಗಳ (ನೇರಳೆ ಬೆರೆತ ಗುಲಾಬಿ ಬಣ್ಣ) ನಡುವೆ. ತೋಟದ ನೆರಳಿಗೆ ಮುಖ್ಯವಾಗಿ ಬೇಕಾಗುವುದು ಟಿಂಟ್. ಬಯಲಿನ ನೆರಳಿನಲ್ಲಿ, ಉದಾಹರಣೆಗೆ ಮನೆಯ ಹಿಂಬದಿಯ ಗೋಡೆಯ ಪಕ್ಕದಲ್ಲಿ ತೆಗೆದ ಚಿತ್ರದಲ್ಲಿ, ಕರಿ ಕೂದಲು ಆಕಾಶವನ್ನು ಪ್ರತಿಫಲಿಸಿ ನೀಲಿಯಾಗಿರುತ್ತದೆ. ಅಲ್ಲಿ ಬೇಕಾಗುವುದು ಟೆಂಪರೇಚರ್. ಯಾವ ನೆರಳು ಎಂದು ಗುರುತಿಸದೆ ಎರಡನ್ನೂ ಒಟ್ಟಿಗೆ ಎಳೆದಾಡುವುದರಿಂದ ಪ್ರಯೋಜನವಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಬೆನ್ನಿನ ಹಸಿರು ಪೂರ್ತಿ ಹೋಗುವವರೆಗೆ ಟಿಂಟ್ ಅನ್ನು ಮೆಜೆಂಟಾ ಕಡೆಗೆ ಎಳೆದರೆ ನಾಲಿಗೆ ಕಡುಗುಲಾಬಿಯಾಗುತ್ತದೆ, ಕೆಮ್ಮಣ್ಣು ನೇರಳೆ ಛಾಯೆಗೆ ಹೋಗುತ್ತದೆ, ಸಿಲ್ವರ್ ಓಕ್ ಕಾಂಡದ ಬೂದು ಕೂಡ ಕೆಂಪಡರುತ್ತದೆ. ಬೆನ್ನಿನಲ್ಲಿರುವುದು ಎಲೆಗಳ ನೇರ ಪ್ರತಿಬಿಂಬವಾದ್ದರಿಂದ ಅಲ್ಲಿ ಹಸಿರು ದಟ್ಟವಾಗಿದೆ, ನಾಲಿಗೆಯ ಮೇಲೆ ಅಷ್ಟಿಲ್ಲ. ಇಡೀ ಚಿತ್ರಕ್ಕೆ ಅನ್ವಯಿಸುವ ಒಂದೇ ಸ್ಲೈಡರ್ ಈ ಎರಡಕ್ಕೂ ಸರಿಹೊಂದಲಾರದು. ಹಾಗಾಗಿ ತಿದ್ದುಪಡಿಯನ್ನು ಎರಡು ಪಾಲು ಮಾಡಬೇಕು. ಇಡೀ ಚಿತ್ರದ ಟಿಂಟ್ ಅನ್ನು ನಾಲಿಗೆ ಅಥವಾ ವಸಡು ಸಹಜವಾಗಿ ಕಾಣುವವರೆಗೆ ಮಾತ್ರ ಸರಿಸಿ ನಿಲ್ಲಿಸಬೇಕು. ಬೆನ್ನಿನಲ್ಲಿ ಉಳಿದ ಹಸಿರನ್ನು ಆ ಭಾಗಕ್ಕಷ್ಟೇ ಸೀಮಿತವಾಗಿ ತೆಗೆಯಬೇಕು. ಸ್ನ್ಯಾಪ್‌ಸೀಡ್ ಎಂಬ ಮೊಬೈಲ್ ಆ್ಯಪ್‌ನಲ್ಲಾದರೆ ಬ್ರಷ್ ಉಪಕರಣದಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಆಯ್ದು, ಅದನ್ನು ಸೊನ್ನೆಗಿಂತ ಕೆಳಗಿಳಿಸಿ, ಬೆನ್ನಿನ ಮೇಲೆ ಬೆರಳಾಡಿಸಿದರೆ ಸಾಕು. ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಗಿಂಪ್ ಅಥವಾ ಡಾರ್ಕ್‌ಟೇಬಲ್‌ನಲ್ಲಿ ಇದನ್ನೇ ಮಾಸ್ಕ್ ಹಾಕಿ (ಬೇಕಾದ ಭಾಗವನ್ನಷ್ಟೇ ಆಯ್ದುಕೊಂಡು) ಇನ್ನಷ್ಟು ನಾಜೂಕಾಗಿ ಮಾಡಬಹುದು. ಆದರೆ ಬಣ್ಣವನ್ನು ಪೂರ್ತಿ ಹಿಂಡಬಾರದು. ನಮ್ಮ ನಾಟಿ ನಾಯಿಗಳಲ್ಲಿ ಅನೇಕವಕ್ಕೆ ಹುಬ್ಬಿನ ಮೇಲೆ, ಕಾಲಿನಲ್ಲಿ ಕಂದು ಮಚ್ಚೆಗಳಿರುತ್ತವೆ, ಬಿಸಿಲಲ್ಲಿ ಬೆಳೆದ ಕರಿ ನಾಯಿಯ ಬೆನ್ನಿಗೂ ಸ್ವಲ್ಪ ಕಂದು ಛಾಯೆ ಬಂದಿರುತ್ತದೆ. ಅವು ನಾಯಿಯ ಸ್ವಂತ ಬಣ್ಣಗಳು, ಅವು ಉಳಿಯಬೇಕು.

ಮೂರನೆಯದಾಗಿ, ಫೋನಿನ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಕೆಲವೊಮ್ಮೆ ಚೌಕಟ್ಟಿನ ತುಂಬ ಹಸಿರಿರುವುದನ್ನು ಕಂಡು ತಾನೇ ಮೆಜೆಂಟಾ ಸೇರಿಸಿಬಿಟ್ಟಿರುತ್ತದೆ. ಅಂಥ ಚಿತ್ರದಲ್ಲಿ ಕಂದು ನಾಯಿ ಕೆಂಪಗೆ ಕಾಣುತ್ತದೆ, ನಾವು ಟಿಂಟ್ ಅನ್ನು ಹಿಂದಕ್ಕೆ, ಹಸಿರಿನ ಕಡೆಗೆ ತರಬೇಕಾಗುತ್ತದೆ. ಇದಕ್ಕೆ ಸುಲಭ ಉಪಾಯವೆಂದರೆ ನಾಯಿಯ ಎದೆಯ ಬಳಿ ಒಂದು ಬಿಳಿ ಕಾಗದ ಹಿಡಿದು ಒಂದು ಫೋಟೋ ತೆಗೆದುಕೊಳ್ಳುವುದು. ಆ ಕಾಗದ ಯಾವ ಬಣ್ಣಕ್ಕೆ ತಿರುಗಿದೆ ಎಂಬುದನ್ನು ನೋಡಿದರೆ ಯಾವ ಕಡೆಗೆ ತಿದ್ದಬೇಕೆಂಬ ಅನುಮಾನವೇ ಉಳಿಯುವುದಿಲ್ಲ.

ನಾಲ್ಕನೆಯದು ಎಡಿಟಿಂಗ್ ಅಲ್ಲ, ಆದರೆ ಎಡಿಟಿಂಗ್ ಅನ್ನು ಅರ್ಧಕ್ಕಿಳಿಸುವ ಸಂಗತಿ. ಕರಿ ಕೂದಲು ಸುತ್ತಲಿನದನ್ನು ಪ್ರತಿಫಲಿಸುತ್ತದೆ ಎಂದಾದರೆ, ಪ್ರತಿಫಲಿಸಲು ಒಳ್ಳೆಯದನ್ನೇ ಅದರ ಮುಂದಿಡಬೇಕು. ಕಾಫಿ ಒಣಗಿಸುವ ಸಿಮೆಂಟಿನ ಕಣ ಇದಕ್ಕೆ ಅತ್ಯುತ್ತಮ ಜಾಗ: ಮೇಲೆ ಮೋಡದ ಆಕಾಶ, ಕೆಳಗೆ ಬೂದು ನೆಲ, ಎಲೆಗಳು ದೂರ. ಕೆಳಗಿನಿಂದ ಚಿಮ್ಮುವ ಬೆಳಕು ಗದ್ದದ ಅಡಿಯ ಕತ್ತಲನ್ನೂ ತುಂಬುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕುಯ್ಲಿನ ಕಾಲದಲ್ಲಿ ಕಣದ ತುಂಬ ಹಣ್ಣು ಹರಡಿರುವುದರಿಂದ ನಾಯಿಯನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ. ಆಗ ಬಯಲಿಗೆ ಮುಖ ಮಾಡಿದ ಜಗಲಿ ಸಾಕಾಗುತ್ತದೆ.

ಬಿಳಿ ಮತ್ತು ಕಂದು ನಾಯಿಗಳು

ಬಿಳಿ ನಾಯಿಗೆ ಹೈಲೈಟ್ಸ್ (ಅತಿ ಬೆಳಕಿನ ಭಾಗಗಳು) ಇಳಿಸಿ, ಬೆನ್ನಿನ ಮೇಲೆ ಕೂದಲು ಕಾಣುವಂತೆ ಉಳಿಸಿಕೊಳ್ಳಬೇಕು. ಕಂದು ನಾಯಿಗೆ ಸಾಮಾನ್ಯವಾಗಿ ಏನೂ ಬೇಕಾಗುವುದಿಲ್ಲ. ಮಂಜು ಕವಿದ ಚಿತ್ರಕ್ಕೆ ಮಬ್ಬು ತೆಗೆಯುವ ಡಿಹೇಜ್ ಬಳಸುವುದಾದರೆ ಸ್ವಲ್ಪವೇ ಬಳಸಬೇಕು, ಅದು ಬಣ್ಣವನ್ನೂ ಗಾಢಗೊಳಿಸುತ್ತದೆ.

ಕಣ್ಣು

ಕಣ್ಣಿನಲ್ಲಿ ಆಕಾಶದ ಸಣ್ಣ ಬೆಳಕಿನ ಚುಕ್ಕೆ ಇದ್ದರೆ ನಾಯಿ ಜೀವಂತವಾಗಿ ಕಾಣುತ್ತದೆ. ಇರುವ ಚುಕ್ಕೆಯನ್ನು ಮತ್ತು ಪಾಪೆಯ ಸುತ್ತಲಿನ ಕಂದು ವಲಯವನ್ನು ತುಸು ಬೆಳಗಿಸುವುದು ಸರಿ, ಇಲ್ಲದ ಚುಕ್ಕೆಯನ್ನು ಬರೆಯುವುದು ಸರಿಯಲ್ಲ. ಫ್ಲ್ಯಾಶ್ ಬಳಸಿದರೆ ಕಣ್ಣು ಹಸಿರೋ ಹಳದಿಯೋ ಆಗಿ ಉರಿಯುತ್ತದೆ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಟಪೀಟಮ್ ಎಂಬ ಪದರವಿರುವುದೇ ಇದಕ್ಕೆ ಕಾರಣ. ಮನುಷ್ಯರ ಕೆಂಗಣ್ಣು ತೆಗೆಯುವ ಉಪಕರಣವು ಕೆಂಪನ್ನಷ್ಟೇ ಹುಡುಕುವುದರಿಂದ ಇಲ್ಲಿ ಕೆಲಸಕ್ಕೆ ಬಾರದು. ಹೆದರಿದ ನಾಯಿಯನ್ನು ಇನ್ನಷ್ಟು ಹೆದರಿಸುವ ಫ್ಲ್ಯಾಶ್ ಅನ್ನು ಬಿಡುವುದೇ ಒಳ್ಳೆಯದು.

ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು

ಹಿನ್ನೆಲೆಯ ಪ್ಲಾಸ್ಟಿಕ್ ಬಕೆಟ್, ಚೆಲ್ಲಿದ ಅನ್ನ, ಕಣ್ಣಂಚಿನ ಪಿಸುರು ಇವುಗಳನ್ನು ಹೀಲಿಂಗ್ ಉಪಕರಣದಿಂದ (ಸುತ್ತಲಿನ ಭಾಗವನ್ನೇ ಹೋಲುವಂತೆ ಮುಚ್ಚುವ ಉಪಕರಣ) ತೆಗೆಯಬಹುದು, ಏಕೆಂದರೆ ಮರುದಿನ ಅವು ಇರುವುದಿಲ್ಲ. ಗಾಯದ ಕಲೆ, ಕೂದಲು ಉದುರಿದ ಜಾಗ, ಮುದಿತನದ ನರೆ, ಊನವಾದ ಕಾಲು ಇವು ನಾಳೆಯೂ ಇರುತ್ತವೆ, ಆದ್ದರಿಂದ ಮುಟ್ಟಬಾರದು. ಕಿವಿಯ ತುದಿಯ ಕಚ್ಚನ್ನಂತೂ ಯಾವ ಕಾರಣಕ್ಕೂ ತುಂಬಬಾರದು. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿ ನಾಯಿಗೆ ಹಾಕುವ ಗುರುತು ಅದು. ನಾಯಿಯನ್ನು ಮನೆಗೆ ಒಯ್ಯುವವರಿಗೆ ಅದು ಒಂದು ಭರವಸೆ, ಶೀರ್ಷಿಕೆಯಲ್ಲಿ ಅದನ್ನು ಹೇಳಿಕೊಳ್ಳಬೇಕು. ಹಿನ್ನೆಲೆಯನ್ನೇ ಬದಲಿಸಿಕೊಡುವ ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ನಾನು ಒಪ್ಪುವುದಿಲ್ಲ, ಅವು ಕೂದಲಿನ ಅಂಚಿನ ಜೊತೆಗೆ ಕಿವಿಯ ಆಕಾರವನ್ನೂ ತಮಗೆ ತೋಚಿದಂತೆ ತಿದ್ದಿಬಿಡುತ್ತವೆ.

ಗಾತ್ರದ ಸತ್ಯವೂ ಮುಖ್ಯ. ಫೋನನ್ನು ಮೂತಿಯ ಹತ್ತಿರ ಹಿಡಿದರೆ ಮೂಗು ಹಿಗ್ಗಿ ಮೈ ಕುಗ್ಗುತ್ತದೆ, ದೊಡ್ಡ ನಾಯಿಯೂ ಮರಿಯಂತೆ ಕಾಣುತ್ತದೆ. ಇದನ್ನು ಎಡಿಟಿಂಗ್ ಸರಿಪಡಿಸಲಾರದು. ಹಿಂದೆ ಸರಿದು, ಜೂಮ್ 2 ಮಡಿ ಇಟ್ಟು, ಪಕ್ಕದಲ್ಲಿ ಯಾರಾದರೂ ನಿಂತಿರುವ ಒಂದು ಪೂರ್ಣ ಚಿತ್ರವನ್ನು ಮುಖದ ಚಿತ್ರದ ಜೊತೆ ಇಡಬೇಕು. ತೋಟ ಕಾಯಲು ನಾಯಿ ಬೇಕೆನ್ನುವವರು ಮೊದಲು ನೋಡುವುದು ಆ ಚಿತ್ರವನ್ನೇ.

ಕಳುಹಿಸುವಾಗ

ಇನ್‌ಸ್ಟಾಗ್ರಾಂಗೆ 1080×1350 ಪಿಕ್ಸೆಲ್‌ನ ನಿಲುವು ಚಿತ್ರ ಚೆನ್ನಾಗಿ ಹೊಂದುತ್ತದೆ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ಕಷ್ಟಪಟ್ಟು ಉಳಿಸಿದ ಕರಿ ಕೂದಲಿನ ಎಳೆಗಳು ಮತ್ತೆ ಕಲೆಸಿಹೋಗುತ್ತವೆ. ಎಚ್‌ಡಿ ಆಯ್ಕೆ ಇದಕ್ಕೆ ತಕ್ಕಮಟ್ಟಿನ ಪರಿಹಾರ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಗುಣಮಟ್ಟ ಪೂರ್ತಿ ಉಳಿಯುತ್ತದೆ, ಆದರೆ ಫೋಟೋ ತೆಗೆದ ಸ್ಥಳದ ಮಾಹಿತಿಯೂ ಕಡತದಲ್ಲಿ ಉಳಿದಿರಬಹುದು. ನಾಯಿಗಳನ್ನು ಸಾಕುವವರ ಮನೆ ಎಲ್ಲಿದೆಯೆಂದು ತಿಳಿದರೆ ಗೇಟಿನ ಮುಂದೆ ಮರಿಗಳನ್ನು ಬಿಟ್ಟುಹೋಗುವವರಿದ್ದಾರೆ, ಆದ್ದರಿಂದ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಅನ್ನು ಮೊದಲೇ ಆರಿಸಿಟ್ಟಿರಬೇಕು.

ಗುಂಪಿನಿಂದ ಗುಂಪಿಗೆ ದಾಟುವಾಗ ಚಿತ್ರದ ಕೆಳಗಿನ ಬರಹ ಕಳಚಿಹೋಗುವುದುಂಟು. ಅದಕ್ಕಾಗಿ ನಾಯಿಯ ಹೆಸರು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯ ವಿವರಗಳನ್ನು ಚಿತ್ರದ ಅಡಿಯಲ್ಲೇ ಒಂದು ಪಟ್ಟಿಯಾಗಿ ಸೇರಿಸಬೇಕು, ಮುಖದ ಮೇಲೆ ಒಂದಕ್ಷರವೂ ಬೀಳಬಾರದು. ಆ ಪಟ್ಟಿಯಲ್ಲಿ ಫೋಟೋ ತೆಗೆದ ತಿಂಗಳು ಮತ್ತು ವರ್ಷವೂ ಇರಲಿ. ಮನೆ ಸಿಕ್ಕ ನಾಯಿಯ ಚಿತ್ರ ಗುಂಪುಗಳಲ್ಲಿ ಬಹುಕಾಲ ತಿರುಗುತ್ತಲೇ ಇರುತ್ತದೆ, ಹಳೆಯ ಚಿತ್ರಕ್ಕೆ ಬರುವ ಕರೆಗಳಿಗೆ ಉತ್ತರಿಸುವವರು ಕರೆ ಮಾಡಿದವರನ್ನು ಇನ್ನೂ ಮನೆಗಾಗಿ ಕಾಯುತ್ತಿರುವ ಬೇರೆ ನಾಯಿಗಳ ಕಡೆಗೆ ತಿರುಗಿಸಲು ಈ ದಿನಾಂಕದಿಂದ ಅನುಕೂಲವಾಗುತ್ತದೆ.