ಗೊನೊರಿಯಾ ದರದ ಗ್ರಾಫ್ ಓದುವುದು ಹೇಗೆ? ಅಮೆರಿಕದ ಅಂಕಿಗಳ ಜೊತೆ ಒಂದು ಅಧ್ಯಯನ ಟಿಪ್ಪಣಿ

ಗೊನೊರಿಯಾ ಎಂಬ ಲೈಂಗಿಕ ಸೋಂಕಿನ ದರದ ಗ್ರಾಫ್ ಎದುರಿಗೆ ಬಂದರೆ ಮೊದಲು ನೋಡುವುದು ಗೆರೆ ಏರಿದೆಯೋ ಇಳಿದಿದೆಯೋ ಅನ್ನುವುದನ್ನ. ಏರಿದ್ದರೆ ಕಾಯಿಲೆ ಜಾಸ್ತಿಯಾಗಿದೆ, ಇಳಿದಿದ್ದರೆ ಕಡಿಮೆಯಾಗಿದೆ ಅಂತ ಬರೆದು ಮುಂದಕ್ಕೆ ಹೋಗುತ್ತೇವೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಆ ಒಂದು ಗೆರೆಯಲ್ಲಿ ಮೂರು ಸಂಗತಿಗಳು ಬೆರೆತಿರುತ್ತವೆ. ಎಷ್ಟು ಜನರಿಗೆ ಸೋಂಕು ತಗುಲಿತು, ಅವರಲ್ಲಿ ಎಷ್ಟು ಜನ ಪರೀಕ್ಷೆ ಮಾಡಿಸಿದರು, ಪಾಸಿಟಿವ್ ಬಂದದ್ದರಲ್ಲಿ ಎಷ್ಟು ಸರ್ಕಾರದ ಲೆಕ್ಕಕ್ಕೆ ಸೇರಿತು. ಇವುಗಳಲ್ಲಿ ಯಾವುದು ಬದಲಾದರೂ ಗೆರೆ ಅಲುಗಾಡುತ್ತದೆ.

ಉದಾಹರಣೆಗೆ ಅಮೆರಿಕವನ್ನೇ ತೆಗೆದುಕೊಂಡಿದ್ದೇನೆ. ಕಾರಣ ಸರಳ: ಅಲ್ಲಿ 1941ರಿಂದ ಇಡೀ ದೇಶದ ಅಂಕಿಗಳು ಸಿಗುತ್ತವೆ. ಅಷ್ಟು ಉದ್ದದ ಸರಣಿ ಇದ್ದರೆ ಕಲಿಯುವುದಕ್ಕೆ ತುಂಬಾ ಅನುಕೂಲ.

ಕಾಯಿಲೆಯ ಬಗ್ಗೆ, ಬೇಕಾದಷ್ಟು ಮಾತ್ರ

ಗೊನೊರಿಯಾಕ್ಕೆ ಕಾರಣ ನೈಸೇರಿಯಾ ಗೊನೊರಿಯೆ ಅನ್ನುವ ಬ್ಯಾಕ್ಟೀರಿಯಾ. ಆಲ್ಬರ್ಟ್ ನೈಸರ್ 1879ರಲ್ಲಿ ಇದನ್ನು ಗುರುತಿಸಿದರು. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಮೂತ್ರನಾಳ, ಗರ್ಭಕಂಠ, ಗುದನಾಳ, ಗಂಟಲು, ಎಲ್ಲಿ ಬೇಕಾದರೂ ನೆಲೆಸಬಹುದು.

ಅಂಕಿ ಓದುವವರಿಗೆ ಮುಖ್ಯವಾದ ಸಂಗತಿ ಲಕ್ಷಣಗಳದ್ದು. ಗಂಡಸರ ಮೂತ್ರನಾಳಕ್ಕೆ ಸೋಂಕು ತಗುಲಿದರೆ ಸಾಮಾನ್ಯವಾಗಿ ಉರಿ, ಕೀವು ಕಾಣಿಸುತ್ತದೆ. ಅವರಾಗಿಯೇ ವೈದ್ಯರ ಬಳಿ ಹೋಗುತ್ತಾರೆ. ಹೆಂಗಸರಲ್ಲಿ ಅನೇಕ ಸಲ ಏನೂ ಗೊತ್ತಾಗುವುದಿಲ್ಲ. ಗಂಟಲು ಮತ್ತು ಗುದನಾಳದ ಸೋಂಕಂತೂ ಹೆಚ್ಚಿನ ಪಾಲು ಸದ್ದಿಲ್ಲದೆ ಇರುತ್ತದೆ. ಅಂದರೆ ಈ ಸೋಂಕುಗಳಲ್ಲಿ ಒಂದಷ್ಟು ತಾವಾಗಿ ಲೆಕ್ಕಕ್ಕೆ ಬರುತ್ತವೆ, ಉಳಿದವನ್ನು ನಾವೇ ಹುಡುಕಿಕೊಂಡು ಹೋಗಬೇಕು. ಹುಡುಕಿದಷ್ಟು ಸಿಗುತ್ತವೆ. ಮುಂದಿನದ್ದೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಒಂದು ಪ್ರಕರಣ ಪಟ್ಟಿಗೆ ಹೇಗೆ ಸೇರುತ್ತದೆ?

ಅಮೆರಿಕದಲ್ಲಿ ಗೊನೊರಿಯಾ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದರೆ ಲ್ಯಾಬ್ ಮತ್ತು ವೈದ್ಯರು ಸ್ಥಳೀಯ ಇಲ್ಲವೇ ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಇಲಾಖೆ ಅದನ್ನು ಪರಿಶೀಲಿಸಿ ಸಿಡಿಸಿಗೆ, ಅಂದರೆ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆಗೆ ಕಳಿಸುತ್ತದೆ. ಹೆಸರು ಸಿಡಿಸಿಗೆ ಹೋಗುವುದಿಲ್ಲ. ವಯಸ್ಸು, ಲಿಂಗ, ಊರು, ಜನಾಂಗದಂಥ ವಿವರಗಳು ಮಾತ್ರ ಹೋಗುತ್ತವೆ. ಅದರಲ್ಲೂ ಜನಾಂಗದ ಕಾಲಂ ಅನೇಕ ವರದಿಗಳಲ್ಲಿ ಖಾಲಿ ಇರುತ್ತದೆ. ಲ್ಯಾಬ್‌ನಿಂದ ನೇರವಾಗಿ ಬಂದ ವರದಿಯಲ್ಲಿ ಆ ವಿವರ ಇಲ್ಲದಿರುವುದು ಮಾಮೂಲು.

ಇನ್ನೊಂದು ಗಮನಿಸಿ. ಇಲ್ಲಿ ಎಣಿಸುವುದು ಸೋಂಕುಗಳನ್ನು, ಮನುಷ್ಯರನ್ನಲ್ಲ. ಒಬ್ಬರಿಗೆ ವಾಸಿಯಾಗಿ ಅದೇ ವರ್ಷ ಮತ್ತೆ ಸೋಂಕು ತಗುಲಿದರೆ ಅದು ಇನ್ನೊಂದು ಪ್ರಕರಣ. ಗೊನೊರಿಯಾ ಒಮ್ಮೆ ಬಂದು ಹೋದರೆ ರಕ್ಷಣೆ ಸಿಗುವುದಿಲ್ಲ, ಹಾಗಾಗಿ ಇದು ಅಪರೂಪವೇನಲ್ಲ. "ಆರು ಲಕ್ಷ ಪ್ರಕರಣ" ಅನ್ನುವುದನ್ನು "ಆರು ಲಕ್ಷ ರೋಗಿಗಳು" ಅಂತ ಬರೆಯಬೇಡಿ.

ದರದ ಲೆಕ್ಕ

ದರ ಅಂದರೆ ಪ್ರಕರಣಗಳ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ 1 ಲಕ್ಷದಿಂದ ಗುಣಿಸುವುದು. 2022ರಲ್ಲಿ 6,48,056 ಪ್ರಕರಣಗಳು ವರದಿಯಾದವು. ಜನಸಂಖ್ಯೆ ಸುಮಾರು 33.33 ಕೋಟಿ. ಲಕ್ಷಕ್ಕೆ 194.4 ಬರುತ್ತದೆ.

ಸಂಖ್ಯೆಯೇ ಇರುವಾಗ ದರ ಯಾಕೆ ಬೇಕು ಅನ್ನುವುದಕ್ಕೆ 1970ರ ದಶಕವೇ ಉತ್ತರ. ಪ್ರಕರಣಗಳ ಸಂಖ್ಯೆ ಆ ಶತಮಾನದಲ್ಲಿ ಅತಿ ಹೆಚ್ಚಾದದ್ದು 1978ರಲ್ಲಿ, 10 ಲಕ್ಷ ದಾಟಿ. ಆದರೆ ದರದ ಶಿಖರ 1975ರದ್ದು, ಲಕ್ಷಕ್ಕೆ 464. ಮೂರು ವರ್ಷಗಳಲ್ಲಿ ಪ್ರಕರಣಗಳು ಚೂರು ಏರಿದವು, ಜನಸಂಖ್ಯೆ ಅದಕ್ಕಿಂತ ಬೇಗ ಬೆಳೆಯಿತು. ಹಾಗಾಗಿ ದರ ಆಗಲೇ ಇಳಿಯತೊಡಗಿತ್ತು. "ಶಿಖರ ಯಾವ ವರ್ಷ?" ಅಂತ ಪ್ರಶ್ನೆ ಬಂದರೆ ಸಂಖ್ಯೆಯದ್ದೋ ದರದ್ದೋ ಅಂತ ಮೊದಲು ನೋಡಿಕೊಳ್ಳಿ.

ಛೇದವೂ ಸುಮ್ನೆ ಕೂತಿರುವುದಿಲ್ಲ. 2020ರಲ್ಲಿ 6,77,769 ಪ್ರಕರಣಗಳು. ಇದನ್ನು 2019ರ ಅಂದಾಜು ಜನಸಂಖ್ಯೆಯಾದ 32.82 ಕೋಟಿಯಿಂದ ಭಾಗಿಸಿದರೆ 206.5 ಬರುತ್ತದೆ. 2020ರ ಜನಸಂಖ್ಯೆ 33.15 ಕೋಟಿ ಅಂತ ಇಟ್ಟುಕೊಂಡರೆ 204.5 ಆಗುತ್ತದೆ. ಒಂದೇ ವರ್ಷಕ್ಕೆ ಎರಡು ಕಡೆ ಎರಡು ದರ ಕಂಡರೆ ಯಾರೋ ತಪ್ಪು ಮಾಡಿದ್ದಾರೆ ಅಂದುಕೊಳ್ಳಬೇಡಿ. ಯಾವ ಜನಸಂಖ್ಯೆಯಿಂದ ಭಾಗಿಸಿದ್ದಾರೆ ಅಂತ ಅಡಿಟಿಪ್ಪಣಿ ನೋಡಿ. ಎರಡು ವರ್ಷಗಳನ್ನು ಹೋಲಿಸುವಾಗ ಎರಡೂ ದರಗಳನ್ನು ಒಂದೇ ವರದಿಯಿಂದ ತೆಗೆದುಕೊಂಡರೆ ಈ ತಲೆನೋವು ಇರುವುದಿಲ್ಲ.

80 ವರ್ಷಗಳ ಏರಿಳಿತ

ಎರಡನೇ ಮಹಾಯುದ್ಧದ ಸುತ್ತಮುತ್ತ ಒಂದು ಏರಿಕೆ. ಪೆನ್ಸಿಲಿನ್ ಬಂದ ಮೇಲೆ 1950ರ ದಶಕದಲ್ಲಿ ಇಳಿಕೆ. 1960ರ ದಶಕದಿಂದ ಮತ್ತೆ ಏರುತ್ತಾ 1975ರ ಶಿಖರ.

ಈ ಶಿಖರದಲ್ಲೇ ಒಂದು ಸ್ವಾರಸ್ಯ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕ ರಾಷ್ಟ್ರೀಯ ಗೊನೊರಿಯಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಲಕ್ಷಣವಿಲ್ಲದ ಹೆಂಗಸರಿಗೂ ಕಲ್ಚರ್ ಪರೀಕ್ಷೆ, ಅಂದರೆ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ ಮಾಡತೊಡಗಿದರು. ಅಲ್ಲಿವರೆಗೆ ಯಾರ ಕಣ್ಣಿಗೂ ಬೀಳದ ಸೋಂಕುಗಳು ಲೆಕ್ಕಕ್ಕೆ ಬಂದವು. ಕಾಯಿಲೆ ತಗ್ಗಿಸಲು ಹೊರಟ ಕಾರ್ಯಕ್ರಮ ಮೊದಲ ವರ್ಷಗಳಲ್ಲಿ ಅಂಕಿಯನ್ನು ಏರಿಸುವುದು ಸಹಜವೇ ಅಲ್ವಾ? ಆಮೇಲೆ ಇಳಿಕೆ ಬಂತು, ಅದೂ ಭಾರಿ ಇಳಿಕೆ. 1975ರಿಂದ 1997ರ ಹೊತ್ತಿಗೆ ದರ ಸುಮಾರು ಮುಕ್ಕಾಲು ಭಾಗ ಕುಸಿಯಿತು. 2009ರಲ್ಲಿ ಲಕ್ಷಕ್ಕೆ 98.1ಕ್ಕೆ ಬಂದು ನಿಂತಿತು. ಸರಣಿ ಶುರುವಾದಾಗಿನಿಂದ ಅದೇ ಅತಿ ಕಡಿಮೆ.

ಅಲ್ಲಿಂದ ಮತ್ತೆ ಏರಿಕೆ. 2009ರಲ್ಲಿ 3 ಲಕ್ಷ ಇದ್ದ ಪ್ರಕರಣಗಳು 2021ರಲ್ಲಿ 7,10,151 ಆದವು, ದರ 214. ಹನ್ನೆರಡು ವರ್ಷಗಳಲ್ಲಿ ದುಪ್ಪಟ್ಟಿಗಿಂತ ಜಾಸ್ತಿ.

ಇದರಲ್ಲಿ ಎಷ್ಟು ಸೋಂಕು, ಎಷ್ಟು ಪರೀಕ್ಷೆ? ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ, ಆದರೆ ಸುಳಿವುಗಳಿವೆ. ಕಲ್ಚರ್ ಜಾಗಕ್ಕೆ ನಾಟ್ ಪರೀಕ್ಷೆ, ಅಂದರೆ ಬ್ಯಾಕ್ಟೀರಿಯಾದ ನ್ಯೂಕ್ಲಿಕ್ ಆಮ್ಲವನ್ನು ಹುಡುಕುವ ಪರೀಕ್ಷೆ ಬಂತು. ಅದು ಹೆಚ್ಚು ಸೂಕ್ಷ್ಮ, ಮೂತ್ರದಲ್ಲೂ ಕೆಲಸ ಮಾಡುತ್ತದೆ. ಪುರುಷರೊಂದಿಗೆ ಲೈಂಗಿಕ ಸಂಪರ್ಕ ಇರುವ ಪುರುಷರಿಗೆ ಗಂಟಲು, ಗುದನಾಳದ ಪರೀಕ್ಷೆಯನ್ನೂ ಮಾಡುವುದು ಹೆಚ್ಚಾಯಿತು. ಎಚ್‌ಐವಿ ತಡೆಯಲು ಪ್ರೆಪ್ ಮಾತ್ರೆ ತೆಗೆದುಕೊಳ್ಳುವವರು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ, ಆಗ ಗೊನೊರಿಯಾವೂ ಪತ್ತೆಯಾಗುತ್ತದೆ. 2013ರಿಂದ ಗಂಡಸರ ದರ ಹೆಂಗಸರ ದರವನ್ನು ಮೀರಿ ನಿಂತದ್ದಕ್ಕೆ ಈ ಬದಲಾವಣೆಗಳು ಒಂದು ಕಾರಣ. ಹಾಗಂತ ಎಲ್ಲವನ್ನೂ ಪರೀಕ್ಷೆಯ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ಅವಧಿಯಲ್ಲಿ ಹೆಂಗಸರ ದರವೂ ಏರಿದೆ. ಲೈಂಗಿಕ ಸಂಪರ್ಕ ಇರುವ 25ಕ್ಕಿಂತ ಕಡಿಮೆ ವಯಸ್ಸಿನ ಹೆಂಗಸರಿಗೆ ಸ್ಕ್ರೀನಿಂಗ್, ಅಂದರೆ ಲಕ್ಷಣವಿಲ್ಲದಿದ್ದರೂ ಪರೀಕ್ಷೆ, ಮಾಡಬೇಕು ಅನ್ನುವ ಸಲಹೆ ಅದಕ್ಕಿಂತ ಮೊದಲೂ ಇತ್ತು, ಹಾಗಾಗಿ ಅವರ ಏರಿಕೆಗೆ ಹೊಸ ಪರೀಕ್ಷೆಯೊಂದೇ ಕಾರಣ ಅನ್ನಲಾಗದು.

2020: ಅಕಸ್ಮಾತ್ತಾಗಿ ನಡೆದ ಪ್ರಯೋಗ

ಇಡೀ ಸರಣಿಯಲ್ಲಿ ಒಂದೇ ವರ್ಷ ಓದಿ ಅಂದರೆ ನಾನು ಹೇಳುವುದು 2020. ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಕ್ಲಿನಿಕ್‌ಗಳು ಮುಚ್ಚಿದವು. ಲೈಂಗಿಕ ಸೋಂಕಿನ ಜಾಡು ಹಿಡಿಯುವ ಸಿಬ್ಬಂದಿಯನ್ನು ಕೋವಿಡ್ ಕೆಲಸಕ್ಕೆ ಹಾಕಿದರು. ಪರೀಕ್ಷಾ ಸಾಮಗ್ರಿಗೂ ಕೊರತೆ ಬಂತು. ಮಾರ್ಚ್, ಏಪ್ರಿಲ್‌ನಲ್ಲಿ ವರದಿಗಳು ಧಡಕ್ಕನೆ ಇಳಿದವು. ಆದರೆ ವರ್ಷ ಮುಗಿದಾಗ ನೋಡಿದರೆ ಗೊನೊರಿಯಾ ಪ್ರಕರಣಗಳು 2019ಕ್ಕಿಂತ 10% ಜಾಸ್ತಿ! ಅದೇ ವರ್ಷ ಕ್ಲಾಮಿಡಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕಿನ ಪ್ರಕರಣಗಳು ಸುಮಾರು 13% ಕಡಿಮೆ.

ಎರಡೂ ಒಂದೇ ರೀತಿ ಹರಡುವ ಸೋಂಕುಗಳು. ಅನೇಕ ಸಲ ಒಂದೇ ಮಾದರಿಯಲ್ಲಿ, ಒಂದೇ ನಾಟ್ ಪರೀಕ್ಷೆಯಲ್ಲಿ ಎರಡನ್ನೂ ನೋಡುತ್ತಾರೆ. ಆದರೂ ಒಂದು ಏರಿತು, ಒಂದು ಇಳಿಯಿತು. ಕ್ಲಾಮಿಡಿಯಾಕ್ಕೆ ಲಕ್ಷಣಗಳು ಇನ್ನೂ ಕಡಿಮೆ. ಅದರ ಅಂಕಿ ಬಹುಪಾಲು ಸ್ಕ್ರೀನಿಂಗ್ ಮೇಲೆ ನಿಂತಿದೆ. ಮಾಮೂಲಿ ತಪಾಸಣೆಗೆ ಬರುವವರು ನಿಂತಾಗ ಅದರ ಅಂಕಿ ಬಿತ್ತು, ಸೋಂಕು ಕಡಿಮೆಯಾಗಿ ಬಿದ್ದದ್ದು ಅನ್ನಲಾಗದು. ಗೊನೊರಿಯಾದಲ್ಲಿ ಉರಿ, ಕೀವು ಅಂತ ಬರುವವರ ಪಾಲು ದೊಡ್ಡದು. ಅವರು ಲಾಕ್‌ಡೌನ್ ಇದ್ದರೂ ಬಂದರು. ಗೊನೊರಿಯಾದ ಏರಿಕೆಯನ್ನು ಪರೀಕ್ಷೆ ಜಾಸ್ತಿಯಾದದ್ದರಿಂದ ಅನ್ನಲು ಈ ವರ್ಷ ಸಾಧ್ಯವೇ ಇಲ್ಲ.

ಇದರಿಂದ ಒಂದು ಉಪಯೋಗಿ ಅಭ್ಯಾಸ ಸಿಗುತ್ತದೆ. ಗೊನೊರಿಯಾ ಗೆರೆ ನೋಡುವಾಗ ಪಕ್ಕದಲ್ಲಿ ಕ್ಲಾಮಿಡಿಯಾ ಗೆರೆಯನ್ನೂ ಇಟ್ಟುಕೊಳ್ಳಿ. ಪರೀಕ್ಷೆ ಏರುಪೇರಾದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಅಲುಗಾಡಬೇಕು, ಕ್ಲಾಮಿಡಿಯಾ ತುಸು ಹೆಚ್ಚೇ.

ಪಾಸಿಟಿವಿಟಿ, ಅಂದರೆ ಮಾಡಿದ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದ ಪಾಲು, ಸಿಕ್ಕಿದರೆ ಇನ್ನೂ ಒಳ್ಳೆಯದು. ಒಂದು ಕಾಲ್ಪನಿಕ ಲೆಕ್ಕ: ಒಂದು ಕ್ಲಿನಿಕ್‌ನಲ್ಲಿ ಒಂದು ವರ್ಷ 1000 ಪರೀಕ್ಷೆಗಳಲ್ಲಿ 40 ಪಾಸಿಟಿವ್, ಮರುವರ್ಷ 2000 ಪರೀಕ್ಷೆಗಳಲ್ಲಿ 60. ಪ್ರಕರಣಗಳು 50% ಏರಿದವು, ಪಾಸಿಟಿವಿಟಿ ಮಾತ್ರ 4%ರಿಂದ 3%ಕ್ಕೆ ಇಳಿಯಿತು. ತೊಂದರೆ ಏನೆಂದರೆ ರಾಷ್ಟ್ರೀಯ ವರದಿ ವ್ಯವಸ್ಥೆಗೆ ಪಾಸಿಟಿವ್ ಫಲಿತಾಂಶಗಳು ಮಾತ್ರ ಬರುತ್ತವೆ, ಎಷ್ಟು ನೆಗೆಟಿವ್ ಇದ್ದವು ಅನ್ನುವುದು ಬರುವುದಿಲ್ಲ. ವರದಿಗಳಲ್ಲಿ ಸಿಗದ ವಿವರಗಳನ್ನು ಒಂದಿಷ್ಟು ತುಂಬಲು ಆಯ್ದ ಕೆಲವು ಪ್ರದೇಶಗಳ ಜಾಲವೊಂದಿದೆ, ಹೆಸರು ಎಸ್‌ಎಸ್‌ಯುಎನ್. ಅಲ್ಲಿ ಪ್ರಕರಣಗಳ ಒಂದು ಮಾದರಿಯನ್ನು ಆಯ್ದುಕೊಂಡು ಹೆಚ್ಚಿನ ವಿವರ ಕೇಳುತ್ತಾರೆ.

ವರದಿ ಬೇರೆ, ಅಂದಾಜು ಬೇರೆ

2018ರಲ್ಲಿ ವರದಿಯಾದ ಪ್ರಕರಣಗಳು 5,83,405. ಅದೇ ವರ್ಷ ನಿಜವಾಗಿ ಆದ ಹೊಸ ಸೋಂಕುಗಳು ಸುಮಾರು 16 ಲಕ್ಷ ಅಂತ ಸಿಡಿಸಿಯ ಅಂದಾಜು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಬಂದಿದೆ ಅಂತಾಯಿತು. ಈ ಎರಡು ಸಂಖ್ಯೆಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿ, 2018ರಲ್ಲಿ ಕಾಯಿಲೆ ಸಿಡಿಯಿತು ಅಂತ ಬರೆದವರೂ ಇರಬಹುದು. ಅಂದಾಜನ್ನು ಅಂದಾಜಿನ ಜೊತೆಗೇ ಹೋಲಿಸಿ.

ಔಷಧಕ್ಕೆ ಬಗ್ಗದ ತಳಿಗಳ ಲೆಕ್ಕ

ದರದಷ್ಟೇ ಮುಖ್ಯವಾದ ಇನ್ನೊಂದು ಗೆರೆ ಇದು. 1986ರಲ್ಲಿ ಜಿಐಎಸ್‌ಪಿ ಎಂಬ ಯೋಜನೆ ಶುರುವಾಯಿತು. ಆಯ್ದ ಕ್ಲಿನಿಕ್‌ಗಳಿಗೆ ಬರುವ ಗಂಡಸರಿಂದ ಪ್ರತಿ ತಿಂಗಳು ಮೊದಲ 25 ಮಾದರಿಗಳನ್ನು ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ಅಂತ ನೋಡುತ್ತಾರೆ. ಪೆನ್ಸಿಲಿನ್, ಟೆಟ್ರಾಸೈಕ್ಲಿನ್ 1980ರ ದಶಕದಲ್ಲೇ ಕೈಕೊಟ್ಟಿದ್ದವು. ಸಿಪ್ರೊಫ್ಲಾಕ್ಸಾಸಿನ್ ಗುಂಪನ್ನು 2007ರಲ್ಲಿ ಬಿಟ್ಟರು. 2012ರಲ್ಲಿ ಸೆಫಿಕ್ಸೈಮ್ ಮಾತ್ರೆ ಮೊದಲ ಆಯ್ಕೆಯ ಸ್ಥಾನ ಕಳೆದುಕೊಂಡಿತು. 2020ರ ಡಿಸೆಂಬರ್‌ನಿಂದ ಸಾಮಾನ್ಯ ಸೋಂಕಿಗೆ ಸೆಫ್ಟ್ರಿಯಾಕ್ಸೋನ್ 500 ಮಿಲಿಗ್ರಾಂನ ಒಂದೇ ಇಂಜೆಕ್ಷನ್ ಸಲಹೆ ಮಾಡುತ್ತಾರೆ. 2007ರಿಂದೀಚಿನ ಈ ಬದಲಾವಣೆಗಳಿಗೆ ಜಿಐಎಸ್‌ಪಿ ಅಂಕಿಗಳೂ ಆಧಾರವಾದವು.

ಇಲ್ಲಿ ಒಂದು ಇಕ್ಕಟ್ಟಿದೆ. ನಾಟ್ ಪರೀಕ್ಷೆ ಸೋಂಕು ಇದೆಯೇ ಅಂತ ಚೆನ್ನಾಗಿ ಹೇಳುತ್ತದೆ, ಆದರೆ ಜೀವಂತ ಬ್ಯಾಕ್ಟೀರಿಯಾ ಉಳಿಸುವುದಿಲ್ಲ. ಔಷಧ ಪರೀಕ್ಷೆಗೆ ಕಲ್ಚರ್ ಬೇಕೇ ಬೇಕು. ನಾಟ್ ಬಂದ ಮೇಲೆ ಕಲ್ಚರ್ ಮಾಡುವ ಲ್ಯಾಬ್‌ಗಳು ಕಡಿಮೆಯಾದವು. ಒಂದು ಗೆರೆ ಸ್ಪಷ್ಟವಾದಷ್ಟೂ ಇನ್ನೊಂದನ್ನು ಎಳೆಯುವುದು ಕಷ್ಟವಾಗಿದೆ.

ಈಚಿನ ಇಳಿಕೆ

2021ರ ನಂತರ ಗೆರೆ ಕೆಳಮುಖ. 2022ರಲ್ಲಿ ಪ್ರಕರಣಗಳು ಸುಮಾರು 9% ಇಳಿದವು. 2023ರಲ್ಲಿ ಇನ್ನೂ 7% ಇಳಿದು 6,01,319 ಆದವು. 2024ರ ತಾತ್ಕಾಲಿಕ ಅಂಕಿಯಲ್ಲಿ ಮತ್ತೆ ಸುಮಾರು 10% ಇಳಿಕೆ. ತಾತ್ಕಾಲಿಕ ಅಂದರೆ ರಾಜ್ಯಗಳಿಂದ ತಡವಾಗಿ ಬರುವ ವರದಿ, ತಿದ್ದುಪಡಿಗಳು ಇನ್ನೂ ಸೇರಬೇಕು. ಕೊನೆಯ ದಶಾಂಶವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಈಗ ಕ್ಲಾಮಿಡಿಯಾ ಗೆರೆ ಪಕ್ಕಕ್ಕಿಡಿ. 2022 ಮತ್ತು 2023ರಲ್ಲಿ ಅದು ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು, ಎರಡೂ ವರ್ಷ ಸುಮಾರು 16.5 ಲಕ್ಷ. ಪರೀಕ್ಷೆ ಕುಸಿದಿದ್ದರೆ ಮೊದಲು ಬೀಳಬೇಕಾದದ್ದು ಅದು. ಹಾಗಾಗಿ ಆ ಎರಡು ವರ್ಷ ಗೊನೊರಿಯಾ ನಿಜಕ್ಕೂ ಇಳಿದಿದೆ ಅನ್ನುವ ಕಡೆಗೇ ನನ್ನ ಒಲವು. 2024ರ ಕಥೆ ಅಷ್ಟು ಸಲೀಸಲ್ಲ. ಆ ವರ್ಷ ಕ್ಲಾಮಿಡಿಯಾವೂ ಸುಮಾರು 8% ಇಳಿಯಿತು. ಇದಕ್ಕೆ ಪರೀಕ್ಷೆಯಲ್ಲದೆ ಬೇರೆ ಕಾರಣವೂ ಇರಬಹುದು: ಸೋಂಕು ತಡೆಯಲು ಲೈಂಗಿಕ ಸಂಪರ್ಕದ ನಂತರ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಸಿಡಿಸಿ 2024ರ ಜೂನ್‌ನಲ್ಲಿ ಮಾರ್ಗಸೂಚಿ ಕೊಟ್ಟಿತ್ತು. ಅದು ಕ್ಲಾಮಿಡಿಯಾ, ಸಿಫಿಲಿಸ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಗೊನೊರಿಯಾ ಮೇಲೆ ಅಷ್ಟಾಗಿ ಇಲ್ಲ. ಜೊತೆಗೆ ಅದರ ಸಲಹೆ ಇರುವುದು ಮುಖ್ಯವಾಗಿ ಪುರುಷರೊಂದಿಗೆ ಸಂಪರ್ಕ ಇರುವ ಪುರುಷರಿಗೆ ಮತ್ತು ಟ್ರಾನ್ಸ್ ಮಹಿಳೆಯರಿಗೆ. ಹಾಗಾಗಿ 2024ರ ಇಳಿಕೆ ಓದುವವರು ಒಟ್ಟು ದರದಲ್ಲಿ ನಿಲ್ಲದೆ ಗಂಡಸರ ಕೋಷ್ಟಕ, ಹೆಂಗಸರ ಕೋಷ್ಟಕ ಎರಡನ್ನೂ ಬೇರೆ ಬೇರೆ ತೆರೆದು, ಮಾತ್ರೆ ತಲುಪದ ಹೆಂಗಸರಲ್ಲಿ ಎರಡೂ ಸೋಂಕುಗಳು ಎಷ್ಟೆಷ್ಟು ಇಳಿದಿವೆ ಅಂತ ಮೊದಲು ನೋಡಬೇಕು.