‘ಣ’ದಿಂದ ಹೆಸರು ಹುಡುಕುತ್ತಿರುವವರಿಗೆ

ಮುಂಬಯಿ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: “ಮಗಳಿಗೆ ನನ್ನ ಅಜ್ಜಿಯ ಹೆಸರು ಸುಮತಿ ಎಂದು ಇಡುವ ಆಸೆ. ಆದರೆ ಮಗು ಹುಟ್ಟಿದ್ದು ಹಸ್ತಾ ಮೂರನೆಯ ಪಾದ, ಹೆಸರು ‘ಣ’ದಿಂದಲೇ ಶುರುವಾಗಬೇಕಂತೆ. ಏನು ಮಾಡಲಿ?”

ಸುಮತಿ ಎಂದೇ ಇಡಿ. ಈ ಉತ್ತರವನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

27 ನಕ್ಷತ್ರ, ನಾಲ್ಕು ನಾಲ್ಕು ಪಾದ, ಒಟ್ಟು 108 ಅಕ್ಷರ. ಪಂಚಾಂಗದಲ್ಲಿ ಆ ಪಟ್ಟಿ ಇರುವುದು ನಿಜ. ಆದರೆ ಆ ಅಕ್ಷರದಿಂದ ಬರುವುದು ನಕ್ಷತ್ರನಾಮ ಮಾತ್ರ. ನಾಮಕರಣದ ದಿನ ಅಕ್ಕಿಯ ಮೇಲೆ ಮಾಸನಾಮ, ಕುಲದೇವತೆಯ ಹೆಸರು, ನಕ್ಷತ್ರನಾಮ, ದಿನಬಳಕೆಯ ವ್ಯವಹಾರನಾಮ ಎಂದು ಬೇರೆ ಬೇರೆ ಬರೆಸುತ್ತಾರಲ್ಲ, ಎಲ್ಲವೂ ಒಂದೇ ಆಗಬೇಕಿದ್ದರೆ ಅಷ್ಟು ಅಕ್ಕಿ ಏಕೆ ಬೇಕಿತ್ತು? ಅದೂ ಹೋಗಲಿ, ‘ಣ’ದಿಂದ ಶುರುವಾಗುವ ಒಂದು ಹೆಣ್ಣು ಹೆಸರು ಹೇಳಿ ನೋಡೋಣ. ಆರ್ದ್ರಾ ನಕ್ಷತ್ರದವರ ಪಾಲಿಗೆ ‘ಙ’ ಬಂದಿದೆ, ಉತ್ತರಾಭಾದ್ರದವರಿಗೆ ‘ಞ’!

“ಹಿಂದಿನವರು ಹಾಗೇ ಇಡುತ್ತಿದ್ದರು” ಎನ್ನುವವರಿಗೆ ವಾಲ್ಮೀಕಿಯೇ ಸಾಕ್ಷಿ. ರಾಮ ಹುಟ್ಟಿದ್ದು ಪುನರ್ವಸುವಿನಲ್ಲಿ. ಅದರ ಅಕ್ಷರಗಳು ಕೇ, ಕೋ, ಹಾ, ಹೀ. ಭರತನದು ಪುಷ್ಯ: ಹೂ, ಹೇ, ಹೋ, ಡಾ. ಲಕ್ಷ್ಮಣನದು ಆಶ್ಲೇಷಾ: ಡೀ, ಡೂ, ಡೇ, ಡೋ. ಹೆಸರಿಟ್ಟವರು ಸಾಕ್ಷಾತ್ ವಸಿಷ್ಠರು. ಅವರೂ ಈ ಪಟ್ಟಿ ಹಿಡಿದು ಕೂತಿದ್ದರೆ ಸುಮಿತ್ರೆ ಮಗನನ್ನು ಏನೆಂದು ಕೂಗಬೇಕಿತ್ತು?

ನಿಮ್ಮ ಅಜ್ಜಿಯ ಹೆಸರು ಮುಂಬಯಿಯಲ್ಲಿ ಸುಲಭ ಕೂಡ. ಮರಾಠಿ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲ; ಹೊನ್ನಮ್ಮ ಇಲ್ಲಿ ಹೋನ್ನಮ್ಮಾ ಆಗುತ್ತಾಳೆ. ಮಾಧವನ ಬಾಲವೂ ಕತ್ತರಿಸಿ ‘ಮಾಧವ್’ ಉಳಿಯುತ್ತದೆ. ಸುಮತಿಯನ್ನು ಮಾತ್ರ ಮರಾಠಿ ಬಾಯಿ, ಗುಜರಾತಿ ಬಾಯಿ ಯಾವುದೂ ಕೆಡಿಸಿದ್ದನ್ನು ಹಾಜರಿ ಕೂಗಿ ಸವೆದ ಈ ಮೇಷ್ಟರು ಕೇಳಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಮಾತು. 2024ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು (ಸರ್‌ನೇಮ್), ಈ ಕ್ರಮ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇನಿಷಿಯಲ್ ಇದೆ, ಅಡ್ಡಹೆಸರಿಲ್ಲ. ಆ ಕೊನೆಯ ಜಾಗಕ್ಕೆ ಊರಿನ ಹೆಸರೋ ಮನೆತನದ ಹೆಸರೋ ಎಂಬುದನ್ನು ಗಂಡ ಹೆಂಡತಿ ಕೂತು ಈಗಲೇ ತೀರ್ಮಾನಿಸಿ. ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆದರೆ ಅಲೆದಾಟ ನಿಮ್ಮದೇ. ‘ಣ’ ಹೇಳಿದವರು ಜೊತೆಗೆ ಬರುವುದಿಲ್ಲ.